ಸ್ವೀಡನ್ನಿನ ಸರೋವರಕ್ಕೆ ನಾನು ಬಿಟ್ಟ ಆಮೆ

ಮೋಲ್ನ್‌ಡಾಲ್, ಮೊದಲ ವಾರ

ಸ್ವೀಡನ್ನಿಗೆ ಹೋಗಿಬಂದೆ ಎಂದರೆ ಕುಂದಾಪುರದಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಚಳಿ ಹೇಗಿತ್ತು, ಮೀನು ಸಿಗುತ್ತಿತ್ತಾ? ಆಗಸ್ಟ್ ತಿಂಗಳಾದ್ದರಿಂದ ಚಳಿ ಅಂಥದ್ದೇನೂ ಇರಲಿಲ್ಲ. ಮೀನು ಬೇಕಾದಷ್ಟು ಸಿಗುತ್ತಿತ್ತು. ಇಷ್ಟು ಹೇಳಿದರೆ ಕೇಳಿದವರಿಗೆ ಸಮಾಧಾನವಾಗುತ್ತದೆ, ನನಗೆ ಆಗುವುದಿಲ್ಲ. ಆ ದೇಶದಲ್ಲಿ ಕಳೆದ ಆರು ವಾರಗಳಲ್ಲಿ ನನಗೆ ನೆನಪಿರುವುದು ಬಹುಪಾಲು ಒಂದು ಆಮೆ. ಅದರ ಮಟ್ಟಿಗೆ ನಾನು ಮಾಡಿದ ತಪ್ಪನ್ನು ಯಾರಿಗೂ ಹೇಳದೆ ಇದ್ದುಬಿಡಬಹುದಿತ್ತು. ಆದರೆ ಪ್ರವಾಸ ಹೋದವರು ನೋಡಿದ್ದನ್ನಷ್ಟೇ ಬರೆದು ಮಾಡಿದ್ದನ್ನು ಬಚ್ಚಿಡುವುದು ನನಗೆ ಸರಿಕಾಣುವುದಿಲ್ಲ.

ನಾನು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ನನ್ನ ಅಕ್ಕನ ಮಗಳು ದೀಪ್ತಿ ಮೋಲ್ನ್‌ಡಾಲ್‌ನಲ್ಲಿ ಔಷಧಿ ಸಂಶೋಧನೆಯ ಕೆಲಸದಲ್ಲಿದ್ದಾಳೆ. ಗಂಡ ಕಾರ್ತಿಕ್‌ಗೆ ದೂರದ ಲುಲೆಯೊದಲ್ಲಿ ಕೆಲಸ, ಎರಡು ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಒಂಬತ್ತು ವರ್ಷದ ಮಗಳು ಇರಾ ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ. ಸಿಟ್ಟು ಬಂದರೆ ಮಾತ್ರ ಸ್ವೀಡಿಷ್. ಇವರ ಜೊತೆಗೆ ಮನೆಯ ನಾಲ್ಕನೆಯ ಸದಸ್ಯ ಗಾಜು ಹಾಕಿದ ಬಾಲ್ಕನಿಯ ಉತ್ತರ ಮೂಲೆಯಲ್ಲಿ, ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬಿನಲ್ಲಿ ವಾಸವಾಗಿತ್ತು.

ಅಲ್ಲೇ ನೆಲೆಸಿದ್ದ ಬೆಂಗಳೂರಿನ ಕುಟುಂಬವೊಂದು ಆ ಆಮೆಯನ್ನು ವಾಸ್ತುವಿಗೆಂದು ತಂದಿತ್ತಂತೆ. ಉತ್ತರ ದಿಕ್ಕಿನಲ್ಲಿ ನೀರಿನ ಪಾತ್ರೆಯಲ್ಲಿ ಆಮೆ ಇದ್ದರೆ ಮನೆಗೆ ಒಳ್ಳೆಯದು ಎಂದು ನಮ್ಮಲ್ಲಿ ಹಿತ್ತಾಳೆಯದನ್ನೋ ಗಾಜಿನದನ್ನೋ ಇಡುತ್ತಾರಲ್ಲ, ಇವರು ಜೀವ ಇರುವುದನ್ನೇ ಯಾರಿಂದಲೋ ಕೊಂಡಿದ್ದರು. ಆಗ ಅದು ಅಂಗೈಯಷ್ಟಿತ್ತು. ವರ್ಕ್ ಪರ್ಮಿಟ್ ಮುಗಿದು ಊರಿಗೆ ಹೊರಟಾಗ ಒಂದು ಕುಕ್ಕರ್, ಮಕ್ಕಳ ಹಿಮದ ಗಾಡಿ ಮತ್ತು ಆಮೆಯನ್ನು ದೀಪ್ತಿಯ ಮನೆಗೆ ದಾಟಿಸಿ ಹೋದರು. ನಾನು ನೋಡುವ ಹೊತ್ತಿಗೆ ಅದು ಊಟದ ತಟ್ಟೆಯಷ್ಟಾಗಿತ್ತು. ಇರಾ ಅದಕ್ಕೆ ಗುಂಡ ಎಂದು ಹೆಸರಿಟ್ಟಿದ್ದಳು.

"ಚಿಕ್ಕಿ, ನೀವು ಬಂದಿದ್ದು ಒಳ್ಳೇದಾಯ್ತು. ಇದಕ್ಕೇನಾದ್ರೂ ಒಂದು ಡಿಸೈಡ್ ಮಾಡಿ. ನೀರು ಚೇಂಜ್ ಮಾಡಕ್ಕೆ ಹೋದ್ರೆ ಹಾವಿನ ಥರ ಕೈ ಮೇಲೆ ಹಾರತ್ತೆ. ವಾಸನೆ ಬೇರೆ," ಎಂದಳು ದೀಪ್ತಿ.

ನಾನು ಕನ್ನಡಕ ಏರಿಸಿ, ಒಂದು ಮಾರು ದೂರದಲ್ಲೇ ನಿಂತು ಬಗ್ಗಿ ನೋಡಿದೆ. ಚಿಪ್ಪಿನ ಮೇಲೆಲ್ಲ ಪಾಚಿ. ಕಲಕಿದ ನೀರು. ಬಾಲ ಉದ್ದವಿತ್ತು. ಯುರೋಪಿನ ಕೊಳದ ಆಮೆಗೂ ಬಾಲ ಉದ್ದವಿರುತ್ತದೆ ಎಂದು ಓದಿದ್ದು ನೆನಪಾಯಿತು. ಪಾಚಿ ಉಜ್ಜಿ ನೋಡಬೇಕಿತ್ತು, ಕೆಳಚಿಪ್ಪು ನೋಡಬೇಕಿತ್ತು. ಆದರೆ ಕಚ್ಚಿಸಿಕೊಳ್ಳುವ ಭಯ. ಅದಕ್ಕಿಂತ ಹೆಚ್ಚಾಗಿ, ಎದುರಿಗೆ ಇಬ್ಬರು ನನ್ನ ಬಾಯನ್ನೇ ನೋಡುತ್ತ ನಿಂತಿದ್ದರು.

"ಇದು ಯುರೋಪಿನ ಸ್ವಂತ ಆಮೆ. ಇಲ್ಲಿಯದೇ ಪ್ರಾಣಿ. ಟಬ್ಬಿನಲ್ಲಿಟ್ಟರೆ ಪಾಪ ಬರುತ್ತೆ. ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ," ಎಂದೆ.

"ಶೂರಾ ಅಜ್ಜಿ?" ಎಂದು ಕೇಳಿದಳು ಇರಾ.

"ಶೂರ್ ಅಲ್ಲದೆ ಏನು! ಅಲ್ಲಿ ಅದಕ್ಕೆ ಆಡೋಕೆ ಜಾಗ ಇರುತ್ತೆ, ಖುಷಿಯಾಗಿರುತ್ತೆ ನೋಡು."

ಸರೋವರದ ದಂಡೆ

ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಸರೋವರ. ನಮ್ಮ ಕಡೆ ಇಂಥ ನೀರಿದ್ದರೆ ಒಂದು ದೇವಸ್ಥಾನ, ನಾಲ್ಕು ಮೆಟ್ಟಿಲು, ಬಟ್ಟೆ ಒಗೆಯುವ ಸದ್ದು ಇರುತ್ತಿತ್ತು. ಇಲ್ಲಿ ಮರದ ಕಟ್ಟೆಯೊಂದು ನೀರಿನೊಳಕ್ಕೆ ಚಾಚಿಕೊಂಡಿದೆ, ಅದರ ತುದಿಯಲ್ಲಿ ಏಣಿ. ಎಂಬತ್ತರ ಹತ್ತಿರದ ಅಜ್ಜಿಯೊಬ್ಬರು ಬಾತ್‌ರೋಬ್ ತೊಟ್ಟು ಬಂದು ಅದನ್ನು ಗೂಟಕ್ಕೆ ನೇತುಹಾಕಿ, ಆ ತಣ್ಣನೆಯ ಸರೋವರಕ್ಕೆ ಬೆಚ್ಚನೆಯ ನೀರಿಗೆ ಇಳಿದಂತೆ ಇಳಿದರು. ನಾವು ಮೂವರು ಹೆಂಗಸರು ಟಬ್ಬಿನಲ್ಲಿ ಆಮೆ ಹೊತ್ತು ನಿಂತಿದ್ದರೂ ಅವರು "ಹೇಯ್" ಎಂದು ಅಲ್ಲಿಯ ನಮಸ್ಕಾರವನ್ನಷ್ಟೇ ಹೇಳಿ ಈಜಿ ಹೋದರು. ಕುಂದಾಪುರದಲ್ಲಾಗಿದ್ದರೆ ಆಮೆ ಎಲ್ಲಿಂದ ತಂದಿರಿ, ಯಾಕೆ ಬಿಡುತ್ತೀರಿ, ಮಗುವಿಗೆ ಎಷ್ಟು ವಯಸ್ಸು ಎಂದು ಕೇಳದೆ ಯಾರೂ ಮುಂದೆ ಹೋಗುತ್ತಿರಲಿಲ್ಲ. ಹಾಗೆ ಕೇಳುವವರು ಅಲ್ಲಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ನಮ್ಮೂರ ದೇವಸ್ಥಾನದ ಕೆರೆಗೆ ಆಮೆ ಬಿಡುವುದು, ಮಂಡಕ್ಕಿ ಹಾಕುವುದು ಚಿಕ್ಕಂದಿನಿಂದ ನೋಡಿದ್ದು. ದೀಪ್ತಿ ಡಬ್ಬಿಯಿಂದ ಅರಿಶಿನ ಕುಂಕುಮ ತೆಗೆದು ದೂರದಿಂದಲೇ ಚಿಪ್ಪಿನ ಮೇಲೆ ಉದುರಿಸಿದಳು. ನಾನು ಟಬ್ಬು ಓರೆ ಮಾಡಿದೆ. ಗುಂಡ ಕೆಸರಿಗೆ ಜಾರಿ, ಒಂದು ಕ್ಷಣ ಮೂಗಿನ ತುದಿಯನ್ನಷ್ಟೇ ನೀರಿನ ಮೇಲಿಟ್ಟು, ಆಮೇಲೆ ಕಾಣೆಯಾಯಿತು. ಕುಂಕುಮದ ಕೆಂಪು ಸ್ವಲ್ಪ ಹೊತ್ತು ನೀರಿನಲ್ಲಿ ಉಳಿಯಿತು. ಇರಾ ಅಳು ತಡೆದುಕೊಂಡು ನನ್ನ ಸೊಂಟ ಹಿಡಿದಿದ್ದಳು. ನಾನು ಅವಳ ತಲೆ ಸವರಿದೆ. ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿಂದ ಆ ದಿನ ಎರಡು ತುತ್ತು ಹೆಚ್ಚೇ ಊಟ ಮಾಡಿದೆ.

ಸ್ಟಾಕ್‌ಹೋಮ್, ಮ್ಯೂಸಿಯಂ

ಎರಡು ವಾರದ ನಂತರ ದೀಪ್ತಿ ರಜೆ ಹಾಕಿ ನನಗೆ ರಾಜಧಾನಿ ತೋರಿಸಲು ಹೊರಟಳು. ನೆಲದಡಿಯ ರೈಲಿನಲ್ಲಿ, ತುನ್ನೆಲ್‌ಬಾನಾ ಎನ್ನುತ್ತಾರೆ, ಪ್ರತಿಯೊಬ್ಬರೂ ಪಕ್ಕದ ಸೀಟು ಖಾಲಿ ಬಿಟ್ಟು ಕೂತಿದ್ದರು. ನಾನು ಒಬ್ಬಾಕೆಯ ಪಕ್ಕ ಕೂತೆ. ಅವಳು ಗಾಬರಿಯಾಗಿ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. ಇರಾ ಕಿಸಕ್ಕನೆ ನಕ್ಕಳು. "ಅಜ್ಜಿ, ಖಾಲಿ ಇರೋ ಕಡೆ ಕೂತ್ಕೋಬೇಕು!"

ಅವಳಿಗೆ ಪ್ರಾಣಿಗಳ ಮ್ಯೂಸಿಯಂ ನೋಡುವ ಆಸೆ. ತಿಮಿಂಗಿಲದ ಅಸ್ಥಿಪಂಜರದ ಎದುರು ತಾಯಿ ಮಗಳು ನಿಂತಾಗ ನಾನು ಒಬ್ಬಳೇ ಮುಂದೆ ಹೋದೆ. ಗಾಜಿನ ಪೆಟ್ಟಿಗೆಯೊಳಗೆ ಹುಲ್ಲು ತುಂಬಿದ ಒಂದು ಆಮೆ. ಅದರ ಬಾಲದ ಮೇಲೆ ಗರಗಸದ ಹಲ್ಲಿನಂತೆ ಸಾಲು ಮುಳ್ಳು. ಕೊಕ್ಕಿನಂತೆ ಬಾಗಿದ ಬಾಯಿ. ಚಿಪ್ಪಿನ ಹಿಂದಿನ ಅಂಚು ಕಚ್ಚು ಕಚ್ಚಾಗಿತ್ತು. ಗುಂಡನ ಬಾಲದ ಮೇಲೂ ಪಾಚಿಯ ನಡುವೆ ಆ ಏರುತಗ್ಗನ್ನು ನಾನು ನೋಡಿದ್ದೆ. ನೋಡಿ, ಟಬ್ಬಿನಲ್ಲಿ ಬೆಳೆದು ಸೊಟ್ಟಗಾಗಿದೆ ಎಂದುಕೊಂಡಿದ್ದೆ.

ಅದು ಸ್ನ್ಯಾಪಿಂಗ್ ಟರ್ಟಲ್. ಅಮೆರಿಕದ ಸಿಹಿನೀರಿನ ಆಮೆ, ಯುರೋಪಿನದಲ್ಲ. ಒಂದು ಕಾಲದಲ್ಲಿ ಅದರ ಬಗ್ಗೆ ಪಾಠವನ್ನೂ ಮಾಡಿದ್ದೆ. ಬೇರೆ ಆಮೆಗಳು ಹೆದರಿದರೆ ತಲೆ ಕಾಲು ಒಳಗೆಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತವೆ. ಇದಕ್ಕೆ ಆ ಸೌಕರ್ಯವಿಲ್ಲ. ಕೆಳಚಿಪ್ಪು ಶಿಲುಬೆಯ ಆಕಾರದ ಒಂದು ಸಣ್ಣ ಪಟ್ಟಿಯಷ್ಟೇ, ಮೈ ಒಳಗೆ ಹಿಡಿಸುವುದೇ ಇಲ್ಲ. ಹಾಗಾಗಿ ನೆಲದ ಮೇಲೆ ಅದಕ್ಕೆ ಮೂಗಿನ ತುದಿಯಲ್ಲೇ ಕೋಪ. ಉದ್ದ ಕತ್ತು ಚಾಚಿ ತನ್ನ ಬೆನ್ನಿನ ಅರ್ಧದವರೆಗೂ ಕಚ್ಚಬಲ್ಲದು. ನೀರಿನಲ್ಲಿದ್ದಾಗ ಅದೇ ಪ್ರಾಣಿ ಸಾಧು. ಮನುಷ್ಯರನ್ನು ಕಂಡರೆ ಸರಿದು ಹೋಗುತ್ತದೆ, ಕೆಸರಿನಲ್ಲಿ ಹೂತುಕೊಂಡು ಬಾಯಿಗೆ ಬಂದದ್ದನ್ನು ಹಿಡಿಯುತ್ತದೆ. ಮೀನು, ಕಪ್ಪೆ, ಬಾತುಮರಿ, ಸತ್ತದ್ದು, ಜೊಂಡು, ಯಾವುದಾದರೂ ಆದೀತು. ಆ ಸರೋವರದ ಯಾವ ಜೀವಿಯೂ ಅಂಥ ಬಾಯಿಯನ್ನು ಕಂಡಿರಲಿಲ್ಲ.

ಚಳಿಗೆ ಸತ್ತುಹೋಗುತ್ತದೆ ಎಂದು ಸಮಾಧಾನ ಮಾಡಿಕೊಳ್ಳುವಂತೆಯೂ ಇರಲಿಲ್ಲ. ಅದರ ತವರಿನಲ್ಲೂ ಕೆರೆಗಳು ಹೆಪ್ಪುಗಟ್ಟುತ್ತವೆ. ಮಂಜುಗಡ್ಡೆಯ ಕೆಳಗೆ ತಿಂಗಳುಗಟ್ಟಲೆ ಉಸಿರು ತೆಗೆದುಕೊಳ್ಳದೆ, ಚರ್ಮದಿಂದ, ಗಂಟಲ ಒಳಪದರದಿಂದ ನೀರಿನ ಅಲ್ಪಸ್ವಲ್ಪ ಆಮ್ಲಜನಕ ಹೀರಿ ಬದುಕಿರುವ ಪ್ರಾಣಿ ಅದು.

"ಅಜ್ಜಿ, ಅಲ್ಲೇನಿದೆ?" ಇರಾ ಓಡಿಬಂದಳು.

ನಾನು ಪೆಟ್ಟಿಗೆಗೆ ಅಡ್ಡ ನಿಂತೆ. "ಏನೂ ಇಲ್ಲ ಮಗಾ, ಬಾ, ಆ ಕಡೆ ಕರಡಿ ಇದೆ," ಎಂದು ಅವಳ ಭುಜ ಹಿಡಿದು ತಿರುಗಿಸಿದೆ. ಆ ಕ್ಷಣದ ಬಗ್ಗೆ ನನಗೆ ಇವತ್ತಿಗೂ ನಾಚಿಕೆ.

ವಾಪಸಾಗುವ ರೈಲು

ಮರಳುವಾಗ ದೀಪ್ತಿ ಗೊತ್ತಿಲ್ಲದೆ ನಿಶ್ಶಬ್ದದ ಬೋಗಿಯಲ್ಲಿ ಟಿಕೆಟ್ ತೆಗೆದಿದ್ದಳು. ಅಂಥದ್ದೊಂದು ಬೋಗಿ ಇರುತ್ತದೆಂದು ನನಗೂ ಗೊತ್ತಿರಲಿಲ್ಲ. ಚಕ್ಕುಲಿ ಮುರಿದರೂ ಜನ ತಿರುಗಿ ನೋಡುತ್ತಿದ್ದರು. ನನಗೆ ಯೋಚಿಸುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಯಾರೂ ನೋಡಿಲ್ಲ. ನೋಡಿದ ಈಜುಗಾರ್ತಿ ಅಜ್ಜಿ ಏನೂ ಕೇಳಿಲ್ಲ. ಇನ್ನು ಮೂರು ವಾರಕ್ಕೆ ನಾನು ವಿಮಾನ ಹತ್ತುತ್ತೇನೆ. ಸುಮ್ಮನಿದ್ದರೆ ಮುಗಿಯಿತು. ಬಾಯಿ ಬಿಟ್ಟರೆ ದೀಪ್ತಿಗೆ ಏನೇನು ತೊಂದರೆಯೋ, ಪರದೇಶದಲ್ಲಿ ಪರವಾನಗಿಯ ಮೇಲೆ ಬದುಕುವವರು. ಆದರೆ ನಿಜ ಹೇಳುತ್ತೇನೆ, ನನ್ನನ್ನು ಹೆದರಿಸಿದ್ದು ದಂಡವಲ್ಲ, ಕಾನೂನಲ್ಲ. ಆಮೆಯನ್ನು ಹಿಡಿದರೆ ಅದನ್ನು ಬದುಕಿಸುತ್ತಾರೆಂಬ ಖಾತ್ರಿ ಇರಲಿಲ್ಲ. ಖುಷಿಯಾಗಿರುತ್ತೆ ಎಂಬ ನನ್ನ ಮಾತು ನಂಬಿ ಅದನ್ನು ಬಿಟ್ಟುಕೊಟ್ಟ ಮಗು ಆಮೇಲೆ ನನ್ನ ಯಾವ ಮಾತನ್ನೂ ನಂಬುವುದಿಲ್ಲ ಎಂಬುದೇ ನನ್ನ ಭಯ.

ಸುತ್ತ ಕಾಡು, ನೀರು, ಕೆಂಪು ಮನೆಗಳು ಓಡುತ್ತಿದ್ದವು. ಪ್ರತಿ ಸಣ್ಣ ಸರೋವರ ಕಂಡಾಗಲೂ ಅದರ ದಂಡೆಯ ಕೆಸರನ್ನೇ ನೋಡುತ್ತಿದ್ದೆ. ಕೊನೆಗೆ ಮ್ಯೂಸಿಯಂ ಟಿಕೆಟಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದು ದೀಪ್ತಿಯ ಕಡೆ ಸರಿಸಿದೆ: "ಗುಂಡ ಇಲ್ಲಿಯ ಆಮೆ ಅಲ್ಲ. ನಾನು ತಪ್ಪು ಹೇಳಿದೆ. ಹಿಡಿಯಬೇಕು."

ದೀಪ್ತಿ ಓದಿದಳು. ಮತ್ತೆ ಓದಿದಳು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಕೆಳಗೆ ಬರೆದಳು: "ನಾಳೆ ಬೆಳಗ್ಗೆ ಕಮ್ಯೂನ್‌ಗೆ ಫೋನ್ ಮಾಡ್ತೀನಿ. ಇರಾಗೆ ನೀವೇ ಹೇಳಿ."

ಮನೆ ಮುಟ್ಟಿದ ಮೇಲೆ ಹೇಳಿದೆ. ಮ್ಯೂಸಿಯಮ್ಮಿನಲ್ಲಿ ಅಡ್ಡ ನಿಂತದ್ದನ್ನೂ ಹೇಳಿದೆ. ಇರಾ ನನ್ನನ್ನೇ ನೋಡಿದಳು, ಸ್ವೀಡಿಷ್‌ನಲ್ಲಿ ಏನೋ ಅಂದಳು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಏನಂದಳು ಎಂದು ನಾನು ದೀಪ್ತಿಯನ್ನು ಕೇಳಲಿಲ್ಲ. ಆ ದಿನದಿಂದ ಅವಳು ನನ್ನ ಜೊತೆ ಕನ್ನಡ ಆಡುವುದನ್ನೇ ನಿಲ್ಲಿಸಿದಳು.

ಮತ್ತೆ ಸರೋವರ

ಕಮ್ಯೂನ್ ಎಂದರೆ ನಮ್ಮ ಪುರಸಭೆಯಂಥದ್ದು. ಅಲ್ಲಿಂದ ಬಂದವನು ಯೋರಾನ್ ಎಂಬ ಎತ್ತರದ, ಮೆದು ಮಾತಿನ ಮನುಷ್ಯ. ಬೈಯುತ್ತಾನೆಂದು ನಾನು ಇಂಗ್ಲಿಷಿನಲ್ಲಿ ಕ್ಷಮಾಪಣೆಯ ನಾಲ್ಕು ವಾಕ್ಯ ಬಾಯಿಪಾಠ ಮಾಡಿಟ್ಟಿದ್ದೆ. ಅವನು ಬಾಗಿಲಲ್ಲಿ ಬೂಟು ಬಿಚ್ಚಿಟ್ಟು, ರಂಧ್ರವಿದ್ದ ಕಾಲುಚೀಲದಲ್ಲಿ ಒಳಗೆ ಬಂದು, ಮೊದಲು ಕಾಫಿ ಕುಡಿಯೋಣ ಎಂದ. ಇಲ್ಲಿಯವರಿಗೆ ಯಾವ ಸಂಕಟಕ್ಕೂ ಮುಂಚೆ ಫೀಕಾ ಆಗಬೇಕು, ಕಾಫಿ ಮತ್ತು ಏಲಕ್ಕಿ ಬನ್ನು. ಬನ್ನು ಮುಗಿದ ಮೇಲೆ ನೋಟ್‌ಬುಕ್ ತೆರೆದ.

"ನೀವಾಗಿಯೇ ತಿಳಿಸಿದ್ದು ಒಳ್ಳೆಯದಾಯಿತು. ಗಂಡೋ ಹೆಣ್ಣೋ?" ಎಂದು ಕೇಳಿದ.

ಗೊತ್ತಿಲ್ಲ ಎಂದೆ. ಈ ಆಮೆಯಲ್ಲಿ ಅದು ವರ್ಣತಂತುಗಳಿಂದ ಬಂದದ್ದಲ್ಲ, ಮೊಟ್ಟೆ ಹೂತ ಮಣ್ಣಿನ ಬಿಸುಪಿನಿಂದ ಬಂದದ್ದು. ಹದವಾದ ಬಿಸುಪಿಗೆ ಹೆಚ್ಚಾಗಿ ಗಂಡು, ತೀರ ತಂಪು ಅಥವಾ ತೀರ ಬಿಸಿಯಾದರೆ ಹೆಣ್ಣು. ಯೋರಾನ್ ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಬಾಗಿಲ ಸಂದಿಯಲ್ಲಿ ಇರಾಳ ಕಾಲು ಕಾಣುತ್ತಿತ್ತು.

ಮೀನಿಗೆ ಇಡುವ, ಬಳೆಯಂಥ ದೊಡ್ಡ ಕಂಬಿಗಳಿಗೆ ಬಿಗಿದ ಚೀಲದಂಥ ಬಲೆಯೊಂದನ್ನು ಅವನು ತಂದಿದ್ದ. ಪೂರ್ತಿ ಮುಳುಗಿಸಬಾರದು, ಮೇಲ್ಭಾಗ ನೀರಿನ ಹೊರಗಿರಬೇಕು ಎಂದು ನಾನು ಹಟ ಹಿಡಿದೆ. ಚಳಿಗಾಲದ ತಣ್ಣನೆಯ ನೀರಿನಲ್ಲಿ ಉಸಿರಿಲ್ಲದೆ ಇರಬಲ್ಲ ಆಮೆ ಬೇಸಿಗೆಯ ನೀರಿನಲ್ಲಿ ಬಲೆಗೆ ಸಿಕ್ಕಿ ಒದ್ದಾಡಿದರೆ ಮುಳುಗಿ ಸಾಯುತ್ತದೆ. ಆಮಿಷಕ್ಕೆ ಅಂಗಡಿಯ ಮಕ್ರೆಲ್, ನಮ್ಮ ಬಂಗುಡೆಯ ಹತ್ತಿರದ ನೆಂಟ. ಒಂದು ದಿನ ಬಿಸಿಲಿಗಿಟ್ಟು ವಾಸನೆ ಬರಿಸಿ ಕಟ್ಟಿದೆ. ಬಾತ್‌ರೋಬಿನ ಅಜ್ಜಿ ಮೂಗು ಮುಚ್ಚಿಕೊಂಡು ಏನು ವಿಷಯ ಎಂದು ಕೊನೆಗೂ ಕೇಳಿದರು. ಹೇಳಿದೆ. ಕಾಲ್ಬೆರಳಿಗೆ ಅಪಾಯವಿದೆಯೇ ಎಂದರು. ನೀರಿನಲ್ಲಿ ಅದು ನಿಮಗಿಂತ ಹೆಚ್ಚು ಹೆದರಿಕೊಂಡಿರುತ್ತದೆ ಎಂದೆ. ಅವರು ತಲೆಯಾಡಿಸಿ ನೀರಿಗಿಳಿದರು. ಮರುದಿನದಿಂದ ಫ್ಲಾಸ್ಕ್ ತಂದು ನನ್ನ ಜೊತೆ ಕಾಯಲು ಕೂತರು. ಒಂದು ಮಾತಿಲ್ಲ. ಆದರೂ ಜೊತೆ ಎನ್ನುವುದು ಜೊತೆಯೇ.

ಮೊದಲ ದಿನ ಎರಡು ಮೀನು. ಮೂರನೆಯ ಬೆಳಗ್ಗೆ ಬಲೆ ಭಾರವಾಗಿತ್ತು.

ಬಾಲ ಹಿಡಿದು ಎತ್ತಬಾರದು, ಬೆನ್ನುಮೂಳೆಗೆ ಪೆಟ್ಟಾಗುತ್ತದೆ ಎಂದು ಯೋರಾನ್‌ಗೆ ಕೂಗಿ ಹೇಳಿ ನಾನೇ ಮೊಣಕಾಲುದ್ದ ನೀರಿಗಿಳಿದೆ. ಹಿಂದಿನಿಂದ ಚಿಪ್ಪಿನ ಕೆಳಗೆ ಎರಡೂ ಕೈ ಹಾಕಿ ಎತ್ತಿದೆ. ಗುಂಡ ಬುಸ್ಸೆಂದು ನನ್ನ ಮೇಲೆ ನಾತದ ದ್ರವ ಬಿಟ್ಟು, ಕತ್ತು ಹಿಂದಕ್ಕೆ ಚಾಚಿ, ನಾನು ತೊಟ್ಟಿದ್ದ ಕಾರ್ತಿಕ್‌ನ ಒಳ್ಳೆಯ ಜಾಕೆಟ್ಟಿನ ತೋಳು ಕಚ್ಚಿ ಹಿಡಿಯಿತು. ಬಿಡಲೊಲ್ಲದು. ತೋಳಿನ ಸಮೇತ ಟಬ್ಬಿನ ನೀರಿಗಿಳಿಸಿದಾಗಲೇ ಬಿಟ್ಟಿದ್ದು. ಕೈಯಲ್ಲಿ ಹಿಡಿದಿದ್ದಷ್ಟು ಹೊತ್ತು ಅದರ ಕಣ್ಣು ನೋಡಿದ್ದೆ, ಕಪ್ಪು ಗೆರೆಗಳು ಸುತ್ತ ಹರಡಿದ ಕಣ್ಣು. ಬಾಲ್ಕನಿಯಲ್ಲಿ ಇಷ್ಟು ಹತ್ತಿರ ಹೋಗುವ ಧೈರ್ಯ ಮಾಡಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಕೊನೆಯ ವಾರ

ಗುಂಡನನ್ನು ಮತ್ತೆ ಬಾಲ್ಕನಿಯ ಟಬ್ಬಿನಲ್ಲಿ ಸಾಕುವಂತಿಲ್ಲ ಎಂದ ಯೋರಾನ್, ತನಗೆ ಗೊತ್ತಿದ್ದ ಪ್ರಾಣಿಸಂಗ್ರಹಾಲಯಗಳಿಗೆಲ್ಲ ಫೋನ್ ಮಾಡಿದ. ಎಲ್ಲೂ ಜಾಗವಿರಲಿಲ್ಲ. ಇಂಥ ಆಮೆ ಮನುಷ್ಯನಷ್ಟೇ ಕಾಲ ಬದುಕಬಹುದು, ಅಷ್ಟು ವರ್ಷದ ಮಾತು ಕೊಡಲು ಯಾರೂ ಸಿದ್ಧರಿರಲಿಲ್ಲ. ಗುರುವಾರ ಪಶುವೈದ್ಯರ ಬಳಿ ಇಂಜೆಕ್ಷನ್ ಕೊಟ್ಟು ಅದನ್ನು ಸಾಯಿಸುವುದೆಂದು ತೀರ್ಮಾನವಾಯಿತು. ಸುದ್ದಿ ತಿಳಿದಾಗ ಇರಾ ತಾಯಿಗೆ ಸ್ವೀಡಿಷ್‌ನಲ್ಲಿ ಏನೋ ಕೇಳಿದಳು.

"ನೀವು ಅಲ್ಲಿರ್ತೀರಾ ಅಂತ ಕೇಳ್ತಿದ್ದಾಳೆ ಚಿಕ್ಕಿ," ಎಂದಳು ದೀಪ್ತಿ.

"ಇರ್ತೀನಿ ಅಂತ ಹೇಳು," ಎಂದೆ. ಮಗು ಎದುರಿಗೇ ನಿಂತಿತ್ತು.

ವೈದ್ಯೆ ಚಿಕ್ಕ ವಯಸ್ಸಿನ ಹುಡುಗಿ. ಮೊದಲ ಇಂಜೆಕ್ಷನ್ನಿಗೆ ಗುಂಡ ಕತ್ತು ಚೆಲ್ಲಿ ಮಲಗಿತು. ಕಚ್ಚುವ ಪ್ರಾಣಿ ಹಾಗೆ ಮೆತ್ತಗಾದದ್ದನ್ನು ನೋಡುವುದು ಕಷ್ಟವಾಯಿತು. ಎರಡನೆಯದಾದ ಮೇಲೆ ಅವಳು ಸೂಜಿಯಿಂದ ಮಿದುಳನ್ನೂ ನಾಶಮಾಡಿ, ಇನ್ನು ಅದಕ್ಕೆ ಏನೂ ತಿಳಿಯುವುದಿಲ್ಲ ಎಂದಳು. ಕತ್ತಿನ ಬುಡಕ್ಕೆ ಒಂದು ಸಣ್ಣ ಯಂತ್ರ ಹಿಡಿದಳು. ಹೃದಯದ ಸದ್ದು ಕೋಣೆ ತುಂಬ ಕೇಳಿಸಿತು.

"ಇದು ನಿಲ್ಲಲು ತುಂಬ ಹೊತ್ತು ಹಿಡಿಯುತ್ತದೆ. ಗಾಳಿಯಿಲ್ಲದೆ ಬದುಕಲು ಕಟ್ಟಿದ ಮೈ. ನೀವು ಹೋಗಬಹುದು," ಎಂದಳು.

ನಾನು ಕುರ್ಚಿ ಎಳೆದು ಕೂತೆ. ಕಾಲೇಜಿನಲ್ಲಿ ಪ್ರತಿ ವರ್ಷ ಕಪ್ಪೆಯ ಎದೆ ಬಿಡಿಸಿ, ಮಿದುಳು ಹೋದರೂ ಹೃದಯ ಬಡಿಯುವುದನ್ನು ತೋರಿಸುತ್ತಿದ್ದೆ. ಮಕ್ಕಳು ಬೆರಗಾಗುತ್ತಿದ್ದರು, ಗಂಟೆ ಹೊಡೆಯುತ್ತಿತ್ತು, ನಾವೆಲ್ಲ ಕೈ ತೊಳೆದುಕೊಂಡು ಊಟಕ್ಕೆ ಹೋಗುತ್ತಿದ್ದೆವು. ಯಾವ ಕಪ್ಪೆಯ ಹೃದಯ ಯಾವಾಗ ನಿಂತಿತು ಎಂದು ನಾನು ಒಮ್ಮೆಯೂ ನೋಡಿದವಳಲ್ಲ. ವೈದ್ಯೆ ಬೇರೆ ಕೆಲಸಗಳಿಗೆ ಹೋಗಿಬಂದು ಆಗಾಗ ಯಂತ್ರ ಹಿಡಿಯುತ್ತಿದ್ದಳು. ಪ್ರತಿ ಸಲವೂ ಬಡಿತಗಳ ನಡುವಿನ ಅಂತರ ಹೆಚ್ಚಿರುತ್ತಿತ್ತು. ನಾನು ಪಾಚಿ ಅಂಟಿದ ಚಿಪ್ಪಿನ ಮೇಲೆ ಕೈ ಇಟ್ಟುಕೊಂಡಿದ್ದೆ. ತಪ್ಪಾಯಿತು ಎಂದು ಗಟ್ಟಿಯಾಗಿಯೇ ಹೇಳಿದೆ, ಕುಂದಾಪುರದ ಮಾತಿನಲ್ಲಿ. ಅಲ್ಲಿ ಅರ್ಥವಾಗುವವರು ಯಾರೂ ಇರಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ವೈದ್ಯೆ ಯಂತ್ರ ಹಿಡಿದು ಬಹಳ ಹೊತ್ತು ಕಾದಳು. ಸದ್ದು ಬರಲಿಲ್ಲ.

ನೇರ ಇರಾಳ ಶಾಲೆಗೆ ನಡೆದೆ. ಅವಳು ಗೇಟಿನಿಂದ ಹೊರಬಂದು ನನ್ನನ್ನು ಕಂಡು ನಿಂತಳು. ಇಬ್ಬರೂ ಅರ್ಧ ದಾರಿ ಬಂದೆವು.

"ಅದಕ್ಕೆ ನೋವಾಯ್ತಾ?" ಎಂದಳು. ಕನ್ನಡದಲ್ಲಿ.

ಇಲ್ಲ ಎಂದು ಹೇಳಲು ಬಾಯಿ ತೆರೆದೆ. ನಿಲ್ಲಿಸಿದೆ.

"ಚುಚ್ಚಿದಾಗ ಸ್ವಲ್ಪ ಆಗಿರಬೇಕು. ಆಮೇಲೆ ಇಲ್ಲ ಅಂತ ಡಾಕ್ಟರ್ ಹೇಳಿದ್ರು. ನಂಗೆ ಗೊತ್ತಿಲ್ಲ ಮಗಾ."

"ಕೊನೇ ತನಕ ಇದ್ಯಾ?"

"ಇದ್ದೆ."

"ಅಜ್ಜಿ, ಅವತ್ತು ಬಾಲ್ಕನೀಲೂ ಹೀಗೇ ಗೊತ್ತಿಲ್ಲ ಅನ್ಬೇಕಿತ್ತು ನೀನು."

"ಹೌದು, ಅನ್ಬೇಕಿತ್ತು," ಎಂದೆ.